ಕೆಳಗಿನ ಮನೆಯ ನಾಡಿ

ನಾನೂ ನನ್ನ ಕಾಲೇಜಿನ ಗೆಳತಿಯೂ ಸೇರಿ ಚಾಮರಾಜಪೇಟೆಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯೊಂದನ್ನು ನಡೆಸುತ್ತೇವೆ. ಆಗ ನಮ್ಮ ಆಫೀಸು ಒಂದು ಹಳೇ ಮನೆಯ ಮಹಡಿಯಲ್ಲಿತ್ತು. ಕೆಳಗಡೆ ಮನೆಯ ಒಡತಿ ಇದ್ದರು. ಅರವತ್ತರ ಹತ್ತಿರದ ಹೆಂಗಸು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಮಾತು, ನಗು ನಮಗೆ ಮೇಲೆ ಕೇಳಿಸುತ್ತಿತ್ತು. ಅವರ ಯಜಮಾನರು ಸರ್ವೇ ಇಲಾಖೆಯಲ್ಲಿದ್ದವರು, ಹಿಂದಿನ ವರ್ಷ ಹೃದಯದ ಕಾಯಿಲೆಯಿಂದ ತೀರಿಹೋಗಿದ್ದರು. ತಿಥಿ ಊಟಕ್ಕೆ ನಾವಿಬ್ಬರೂ ಕೂತಿದ್ದೆವು.

ಆ ವರ್ಷ ನಮಗೆ ಫೈರ್‌ವಾಲ್‌ನದೇ ತಲೆನೋವು. ಒಳಗೆ ಬರುವ, ಹೊರಗೆ ಹೋಗುವ ಒಂದೊಂದು ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಒಂದೊಂದು ತುಣುಕನ್ನೂ, ನಿಲ್ಲಿಸಿ, ನೋಡಿ, ಬಿಡುವ ಕಾವಲುಗಾರ ಅದು. ಕಂಪನಿಯೊಂದು ಮಾರಿದ ಡಬ್ಬಿ ಹಗಲೆಲ್ಲ ಸರಿಯಾಗಿದ್ದು, ಸಂಜೆ ಪೇಟೆಗೆ ಪೇಟೆಯೇ ಮ್ಯಾಚು ನೋಡಲು ಕೂತಾಗ ತೆವಳುತ್ತಿತ್ತು. ಕೊನೆಗೆ ಗೆಳತಿ, "ನಾವೇ ಒಂದು ಪಿ.ಸಿ.ಲಿ ಕಟ್ಬಿಡೋಣ ಗುರು" ಅಂದಳು. ಎಸ್.ಪಿ. ರೋಡಿನಲ್ಲಿ ಹಳೇ ಸರ್ವರಿನ ಬೋರ್ಡು, ಹತ್ತು ಗಿಗಾಬಿಟ್‌ನ ಎರಡು ನೆಟ್‌ವರ್ಕ್ ಕಾರ್ಡು ಆರಿಸಿ ತಂದೆವು. ಮೊದಲು ಅದೂ ಉಸಿರುಗಟ್ಟಿತು. ಪ್ರತಿ ಪ್ಯಾಕೆಟ್ಟೂ ಬಂದು ಪ್ರೊಸೆಸರಿನ ಭುಜ ತಟ್ಟಿದರೆ ಅದು ಕೆಲಸ ಮಾಡುವುದು ಯಾವಾಗ? ಅವಳು ಆ ಕ್ರಮವನ್ನೇ ತಿರುವುಮುರುವು ಮಾಡಿದಳು. ತಟ್ಟುವುದು ಬೇಡ, ಪ್ರೊಸೆಸರೇ ಹೋಗಿ ಬೊಗಸೆ ಬೊಗಸೆಯಾಗಿ ಎತ್ತಿಕೊಳ್ಳಲಿ, ಅದರೊಳಗಿನ ಎಂಟು ಕೋರುಗಳೂ ಕೆಲಸ ಹಂಚಿಕೊಳ್ಳಲಿ. ಮೂರು ವಾರ ಹಿಡಿಯಿತು.

ಒಂದು ಭಾನುವಾರ ಮಧ್ಯಾಹ್ನ ಅದನ್ನು ಜೋಡಿಸುವುದೆಂದು ಗೊತ್ತು ಮಾಡಿ, ಎರಡು ಗಂಟೆ ನೆಟ್ ಇರುವುದಿಲ್ಲವೆಂದು ಎಲ್ಲರಿಗೂ ಮೆಸೇಜು ಕಳಿಸಿದೆವು. ಬೆಳಿಗ್ಗೆ ಅಮ್ಮ (ಒಡತಿಯನ್ನು ನಾವು ಹಾಗೇ ಕರೆಯುತ್ತಿದ್ದುದು) ಮೇಲೆ ಬಂದು ಬೀಗದ ಕೈ ಕೊಟ್ಟರು.

"ವೈಯಾಲಿಕಾವಲ್‌ಗೆ ತಂಗಿ ಮನೆಗೆ ಹೋಗ್ಬರ್ತೀನಪ್ಪಾ. ಸಂಜೆ ಆಗುತ್ತೆ. ಟ್ಯಾಂಕ್ ಖಾಲಿ ಆದ್ರೆ ಒಳಗೆ ಮೋಟರ್ ಹಾಕ್ಕೊಳ್ಳಿ."

ಎರಡೂವರೆಗೆ ಮನೆಗಳಿಗೆ ಹೋಗುವ ಕೇಬಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತೆವು. ಈಗ ನಮ್ಮ ಯಂತ್ರದಲ್ಲಿ ಸೊನ್ನೆ ಕಾಣಬೇಕಿತ್ತು. ನಾನು ಫ್ಯಾನ್ ಹಾಕಿ ಕೂತೆ.

"ಲೋ, ಒಂದ್ನಿಮಿಷ ಬಾ ಇಲ್ಲಿ," ಅಂದಳು.

ಪರದೆಯ ಮೇಲೆ ಒಂದು ಪ್ಯಾಕೆಟ್ ಬಂದಿತ್ತು. ನಾಲ್ಕು ಸೆಕೆಂಡ್ ಬಿಟ್ಟು ಇನ್ನೊಂದು. ಮತ್ತೆ ನಾಲ್ಕು ಸೆಕೆಂಡ್. ಊರೆಲ್ಲ ಕತ್ತರಿಸಿದ ಮೇಲೂ ಒಳಗಿನಿಂದ ಯಾರೋ ನಿಧಾನವಾಗಿ ಬಾಗಿಲು ತಟ್ಟುತ್ತಿದ್ದರು. ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಹಿಂದೆ ಟಾರ್ಚು ಬಿಟ್ಟು ನೋಡಿದೆ. ನಮ್ಮ ಪಟ್ಟಿಯಲ್ಲಿಲ್ಲದ ಒಂದು ನೀಲಿ ವೈರು ಧೂಳಿನಲ್ಲಿ ಹಾದು, ಗೋಡೆಯ ಮೂಲೆಯ ತೂತಿನಿಂದ ಕೆಳಗಿಳಿದಿತ್ತು.

ಅಷ್ಟರಲ್ಲಿ ಅವಳು ಪ್ಯಾಕೆಟ್ಟನ್ನು ಬಿಚ್ಚಿದ್ದಳು. ಹಳೇ ಸಾಧನ, ಮುಚ್ಚುಮರೆಯಿಲ್ಲದೆ ಸಾದಾ ಅಕ್ಷರಗಳಲ್ಲೇ ಕಳಿಸುತ್ತಿತ್ತು. ಮೊದಲು ಆಸ್ಪತ್ರೆಯೊಂದರ ವಿಳಾಸ. ಆಮೇಲೆ ರೋಗಿಯ ಹೆಸರು. ತೀರಿಹೋದ ಯಜಮಾನರ ಹೆಸರು ಅದು. ಆಮೇಲೆ, ನಾಡಿ: 64.

ಮುಂದಿನದು ಬಂತು. 63. ಮತ್ತೆ 64.

"ಹಳೇದೇನೋ ಮತ್ತೆ ಮತ್ತೆ ಕಳಿಸ್ತಿರಬೇಕು," ಅಂದೆ.

"ಇವತ್ತಿನ ಟೈಮ್ ಇದೆ ನೋಡು. ಸೆಕೆಂಡ್ ಸಮೇತ." ಅವಳು ದನಿ ತಗ್ಗಿಸಿದಳು. "ಅಮ್ಮ ಮನೇಲಿಲ್ಲ ಅಲ್ವಾ?"

ಕಳ್ಳ ನುಗ್ಗಿದ್ದಾನೋ ಏನೋ ಅನ್ನುವ ನೆಪ ಹೇಳಿಕೊಂಡು ಕೆಳಗಿಳಿದೆವು. ಕಳ್ಳ ಬಂದು ನಾಡಿ ತೋರಿಸುತ್ತಾನೆಯೇ ಎಂದು ಇಬ್ಬರೂ ಕೇಳಲಿಲ್ಲ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ತೆಗೆದು ಒಳಗೆ ಹೋದೆವು. ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಹಿಂದಿನ ಕೋಣೆಯ ಬಾಗಿಲು ಒರಗಿಸಿತ್ತು, ತಳ್ಳಿದೆ.

ಮಂಚ, ಮಡಿಕೆ ಬೀಳದಂತೆ ಹಾಸಿದ ಹಾಸಿಗೆ. ಪಕ್ಕದ ಸ್ಟೂಲಿನ ಮೇಲೆ ಟಿಫನ್ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ, ಅದರ ಹಿಂದೆ ನಮ್ಮ ನೀಲಿ ವೈರು. ಅದರಿಂದ ಬಂದ ಇನ್ನೊಂದು ವೈರಿನ ತುದಿಯಲ್ಲಿ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು. ಅದು ಖಾಲಿ ದಿಂಬಿನ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿತ್ತು. ಒಳಗೆ ಕೆಂಪು ಬೆಳಕು. ಯಂತ್ರದ ಮುಖದಲ್ಲಿ 64.

ಬಾಗಿಲ ಹೊರಗೆ ರಸ್ತೆಯಲ್ಲಿ ಆಟೋ ಹೋದ ಸದ್ದು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಗೆಳತಿ ಧೈರ್ಯವಂತೆ. ಕಿಟಕಿಯ ಕಡೆ ನೋಡಿದಳು. ಹಿತ್ತಲಿನ ಬೇವಿನ ಮರದ ಎಲೆಗಳು ಅಲುಗಿ, ಬಿಸಿಲು ದಿಂಬಿನ ಮೇಲೆ ಮಿನುಗಿ ಮಿನುಗಿ ಬೀಳುತ್ತಿತ್ತು. "ಬೆಳಕು ಕಣೋ. ಕ್ಲಿಪ್ಪು ಅದನ್ನೇ ನಾಡಿ ಅಂದ್ಕೊಂಡಿದೆ. ನೋಡು," ಎಂದು ಅಂಗೈಯನ್ನು ಬಿಸಿಲಿಗೆ ಅಡ್ಡ ಹಿಡಿದಳು.

ಅಂಕಿ ಮಾಯವಾಗಿ ಎರಡು ಗೆರೆ ಬಂದವು. ಮರುಕ್ಷಣ ಯಂತ್ರ ಕೂಗಿತು. ನಮ್ಮ ಸರ್ವರುಗಳ ಬೀಪು ಕೇಳಿ ಕೇಳಿ ಕಿವಿ ಮೊಂಡಾದವನು ನಾನು. ಆದರೆ ಆ ಕೂಗು ಬೇರೆ, ಮನೆಯವರನ್ನು ಎಬ್ಬಿಸುವಂಥದ್ದು. ಅವಳು ಕೈ ತೆಗೆದಳು. ನಿಲ್ಲಲಿಲ್ಲ. ಯಾವ ಗುಂಡಿ ಒತ್ತಬೇಕೋ ಗೊತ್ತಾಗಲಿಲ್ಲ. ಪ್ಲಗ್ ಕೀಳಬಹುದಿತ್ತು, ಯಾಕೋ ಅದಕ್ಕೆ ಕೈ ಹೋಗಲಿಲ್ಲ. ಕ್ಲಿಪ್ಪನ್ನೆತ್ತಿ ನನ್ನ ತೋರುಬೆರಳಿಗೆ ಸಿಕ್ಕಿಸಿಕೊಂಡೆ. ಈಗ ತಾನೇ ಯಾರೋ ಬೆರಳು ಬಿಡಿಸಿಕೊಂಡಂತೆ ಅದು ಬೆಚ್ಚಗಿತ್ತು. ಕೂಗು ನಿಂತಿತು. 97 ಬಂತು, 104 ಬಂತು.

ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ಮೇಲಿನ ಕೋಣೆಯಲ್ಲಿ ನಾವು ಕಟ್ಟಿದ ಯಂತ್ರ, ಸತ್ತವರ ಹೆಸರಿನಲ್ಲಿ ನನ್ನ ಎದೆಬಡಿತವನ್ನು ನಾಲ್ಕು ಸೆಕೆಂಡಿಗೊಮ್ಮೆ ಹೊರಗೆ ಬಿಡುತ್ತಿತ್ತು. ತೆಗೆದರೆ ಮತ್ತೆ ಕೂಗುತ್ತದೆ ಎಂದು ತೆಗೆಯಲೂ ಭಯ. ಬೇರೆ ಯಾರದೋ ಜಾಗದಲ್ಲಿ ಕೂತಿದ್ದೇನೆ, ಅವರು ನಿಂತು ಕಾಯುತ್ತಿದ್ದಾರೆ ಅನ್ನಿಸಿತು. ಕೊನೆಗೆ ಅವಳೇ ಯಂತ್ರದ ಪಕ್ಕದಲ್ಲಿ ಗಂಟೆಯ ಚಿತ್ರಕ್ಕೆ ಅಡ್ಡಗೀಟು ಹಾಕಿದ ಗುಂಡಿ ಕಂಡುಹಿಡಿದಳು. ಕ್ಲಿಪ್ಪನ್ನು ಇದ್ದಲ್ಲೇ ಇಟ್ಟು, ಹಾಸಿಗೆಯ ಮಡಿಕೆ ಸರಿಮಾಡಿ ಹೊರಬಂದೆವು. ಆ ದಿನ ಜೋಡಣೆಯ ಕೆಲಸ ಮುಂದುವರಿಸದೆ ಹಳೇ ಡಬ್ಬಿಗೇ ಕೇಬಲ್ಲುಗಳನ್ನು ಸಿಕ್ಕಿಸಿದೆವು.

ಸಂಜೆ ಅಮ್ಮ ಬಂದಾಗ ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹೊಸಿಲ ಬಳಿಯೇ ಕೂತರು.

"ಕೂಗ್ತಾ? ನೀನು ಹಾಕ್ಕೊಂಡ್ಯಾ?"

"ನಿಲ್ಲಿಸೋಕೆ ಗೊತ್ತಾಗ್ಲಿಲ್ಲ ಅಮ್ಮ."

"ಅವ್ರು ಹೋದಾಗ್ಲೂ ಹಾಗೇ ಕೂಗ್ತು ಕಣಪ್ಪಾ. ಅವ್ರ ಬೆರಳಿಂದ ತೆಗೆದು ನಾನು ಹಾಕ್ಕೊಂಡೆ. ಮೆಷಿನ್ ಸುಮ್ನಾಯ್ತು. ಪಕ್ಕದಲ್ಲೇ ಅವ್ರು ಮಲಗಿದ್ರು, ಅಂಕಿ ಬರ್ತಿತ್ತು, ಏನೂ ಆಗಿಲ್ಲ ಅನ್ನಿಸ್ತು. ಒಂದು ಗಂಟೆ ಹಾಗೇ ಕೂತಿದ್ದೆ. ಯಾರಿಗೂ ಹೇಳಿಲ್ಲ ಇದನ್ನ." ತೋರುಬೆರಳನ್ನು ಸವರಿಕೊಂಡು ಅಂದರು, "ಈಗ್ಲೂ ಊಟ ಆದ್ಮೇಲೆ ಒಂದಿಷ್ಟು ಹೊತ್ತು ಹಾಕ್ಕೊಳ್ತೀನಿ. ಇವತ್ತು ಹೊರಡೋ ಮುಂಚೇನೂ ಹಾಕ್ಕೊಂಡಿದ್ದೆ, ಆರಿಸೋದು ಮರೆತೆ."

ನೀಲಿ ವೈರನ್ನು, ಅವರ ಯಜಮಾನರು ಕಾಯಿಲೆ ಬಿದ್ದು ಆಸ್ಪತ್ರೆಯವರು ಈ ಯಂತ್ರವನ್ನು ಮನೆಗೆ ಕೊಟ್ಟಾಗ, ನಮ್ಮ ಹಳೇ ಕೆಲಸಗಾರನೊಬ್ಬ ಎಳೆದುಕೊಟ್ಟಿದ್ದನಂತೆ, ಬರೆದಿಡುವುದನ್ನು ಮರೆತಿದ್ದ. ಗೆಳತಿ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದಳು. ಆ ಅಂಕಿಗಳನ್ನು ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಯಂತ್ರ ವಾಪಸು ಕೊಡಬೇಕೆಂದಷ್ಟೇ ಹೇಳಿದರು. ಅಮ್ಮನಿಗೆ ತಿಳಿಸಿದೆವು, ಒತ್ತಾಯ ಮಾಡಲಿಲ್ಲ. ಹತ್ತು ದಿನ ಕಳೆದ ಮೇಲೆ ಅವರೇ ಯಂತ್ರವನ್ನು ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು.

ಅದಾದ ಮೇಲಿನ ಭಾನುವಾರ ಮತ್ತೆ ಕೇಬಲ್ಲುಗಳನ್ನು ಕಿತ್ತೆವು. ಸೊನ್ನೆ ಬಂತು, ಸೊನ್ನೆಯಾಗಿಯೇ ಉಳಿಯಿತು. ಎಲ್ಲವನ್ನೂ ಹೊಸ ಫೈರ್‌ವಾಲಿಗೆ ಸಿಕ್ಕಿಸಿದೆವು. ಸಂಜೆಯ ಮ್ಯಾಚಿಗೂ ಅದು ಬಗ್ಗಲಿಲ್ಲ, ಗೆಳತಿ ನಾಲ್ಕು ಜನಕ್ಕೆ ಕೇಳುವಂತೆ ಚಪ್ಪಾಳೆ ಹೊಡೆದಳು. ಸದ್ದು ಕೇಳಿ ಅಮ್ಮ ಮೇಲೆ ಬಂದರು. ಪರದೆಯ ಮೇಲೆ ಕಣ್ಣಿಗೆ ಸಿಗದಷ್ಟು ಬೇಗ ಸಾಲುಗಳು ಓಡುತ್ತಿದ್ದವು.

"ಇಷ್ಟೂ ಏನಪ್ಪಾ?"

"ನಮ್ಮ ಪೇಟೆ ಜನ, ಅಮ್ಮ. ಒಬ್ಬೊಬ್ರ ಮನೇದೂ ಒಂದೊಂದು ಸಾಲು."

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಎಲ್ರೂ ಇದಾರಾ?" ಅಂತ ಕೇಳಿದರು.

"ಇದಾರೆ," ಅಂದೆ. ನನಗೇನು ಗೊತ್ತಿತ್ತು?