ಅಣ್ಣನ ಹೆಬ್ಬೆರಳು ಮತ್ತು ನಾನು ಕಟ್ಟಿದ ಮಷೀನು

ನನ್ನ ಅಣ್ಣ ಬಾಗಿಲುಗಳಿಗೆ ಕೆತ್ತನೆ ಮಾಡುವ ಬಡಿಗ. ನಾನು ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ಅವನ ಬಲಭುಜ ಕೆಟ್ಟು, ಇನ್ನೂ ಉಳಿಗೆ ಬಡಿಯುವ ಕೊಡತಿ ಎತ್ತುತ್ತ ಹೋದರೆ ಮುಂದೆ ಕೈಯೇ ಏಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದಾಗ ಅವನಿಗೆ ಐವತ್ತೂ ಆಗಿರಲಿಲ್ಲ. ಮನೆಗೆ ಬಂದವನೇ ಉಳಿಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಎರಡು ದಿನ ಊಟಕ್ಕೂ ಏಳಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ.

"ಏಳಣ್ಣಾ, ನಿನ್ನ ಬದ್ಲಿ ಕೆತ್ತೂ ಮಷೀನ್ ನಾ ಮಾಡಿಕೊಡ್ತೀನಿ," ಎಂದು ಗದರಿದೆ.

"ನಿನ್ನ ತಲಿ! ಬಳ್ಳಿ ಎಲ್ಲಿ ತಿರುಗಬೇಕು ಅಂತ ಮಷೀನಿಗೆ ಗೊತ್ತಿರ್ತೈತೇನು?" ಎಂದ.

ಮೊಬೈಲಿನಲ್ಲಿ ವಿಡಿಯೊ ನೋಡುವುದು ನಮ್ಮ ಕಡೆ ಆಗಷ್ಟೇ ಶುರುವಾಗಿತ್ತು. ಯಾವುದೋ ದೇಶದವನೊಬ್ಬ ಮನೆಯಲ್ಲೇ ಸಿಎನ್‌ಸಿ ರೂಟರ್ ಕಟ್ಟುವುದನ್ನು ತೋರಿಸಿದ್ದ. ಕಂಪ್ಯೂಟರ್ ಹೇಳಿದ ದಾರಿಯಲ್ಲೇ ಹರಿದಾಡುತ್ತ, ಗಿರಗಿರ ತಿರುಗುವ ಉಕ್ಕಿನ ಮೊನೆ ಕಟ್ಟಿಗೆಯನ್ನು ಕೊರೆಯುತ್ತದೆ, ಅಷ್ಟೇ. ಅವನ ಮಾತು ಒಂದೂ ತಿಳಿಯಲಿಲ್ಲ, ಕೆಲಸ ತಿಳಿಯಿತು. ಗುಜರಿಯಿಂದ ಶಾಫ್ಟು, ಬೇರಿಂಗು ಆರಿಸಿ ತಂದೆ. ಕಬ್ಬಿಣದ ಚೌಕ ಪೈಪಿಗೆ ವೆಲ್ಡಿಂಗ್ ಮಾಡಿದೆ. ಮೋಟಾರುಗಳು ಪಾರ್ಸೆಲ್ಲಿನಲ್ಲಿ ಬಂದವು. ಮೊದಲ ಸಲ ಓಡಿಸಿದಾಗ, ಗುಂಡಗೆ ಬರೆ ಎಂದರೆ ಆ ಹಾಳಾದ್ದು ತತ್ತಿಯ ಆಕಾರ ಬರೆಯಿತು. ಹಾಸಿಗೆ ಬಿಟ್ಟು ಎದ್ದುಬಂದ ಅಣ್ಣ ಬಗ್ಗಿ ನೋಡಿದ.

"ಭಾಳ ಛಲೋ ಐತಿ. ಕೋಳಿಗೆ ತೋರಿಸು," ಎಂದು ನಕ್ಕ. ತಿಂಗಳುಗಳ ಮೇಲೆ ಅವನ ನಗು ಕೇಳಿದ್ದೆ. ನನಗೆ ಅಳುವೇ ಬಂತು.

ಆಮೇಲೆ ಅವನೇ ಕೈತೊಳೆದುಕೊಂಡು ಬೆನ್ನು ಹತ್ತಿದ. ಅವನ ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆವು. "ಎಲಿ ಬೆನ್ನು ಇನ್ನಾ ಸ್ವಲ್ಪ ಏಳಬೇಕು," "ಇಲ್ಲಿ ಆಳ ಸಾಲಂಗಿಲ್ಲ," ಎಂದು ನನ್ನ ಜೀವ ತಿಂದ. ಕೊನೆಗೊಂದು ದಿನ ಥೇಟ್ ಅವನ ಕೈಯಿಂದಲೇ ಬಂದಂಥ ಎಲೆ ಬಂತು. ಅವನು ಅದನ್ನು ಹೆಬ್ಬೆರಳಿನಿಂದ ಸವರಿದ.

ಕೆತ್ತುವವರೆಲ್ಲ ಹಾಗೆಯೇ. ಉಳಿಗೆ ಒಂದು ಏಟು, ಹಿಂದೆಯೇ ಹೆಬ್ಬೆರಳು ಹೋಗಿ ಚಕ್ಕೆ ಸರಿಸಿ ಆಳ ನೋಡಬೇಕು. ಅವರು ಕಣ್ಣಿಗಿಂತ ಹೆಬ್ಬೆರಳನ್ನೇ ಹೆಚ್ಚು ನಂಬುತ್ತಾರೆ. ಮಷೀನು ಓಡುತ್ತಿದ್ದಾಗಲೂ ಅಣ್ಣನ ಬೆರಳು ತಾನಾಗಿಯೇ ಹೋಗುತ್ತಿತ್ತು.

"ಕೈ ತಗೀ! ಅದಕ್ಕ ಕಟ್ಟಿಗಿ ಯಾವುದು, ಬೆರಳು ಯಾವುದು ಗೊತ್ತಾಗಂಗಿಲ್ಲ!" ಎಂದು ಒದರುತ್ತಿದ್ದೆ. ತೆಗೆಯುತ್ತಿದ್ದ. ಮತ್ತೆ ಹೋಗುತ್ತಿತ್ತು.

ಒಂದೇ ಏಟಿಗೆ ಎಲ್ಲ ನಿಲ್ಲಿಸುವ ಕೆಂಪು ಬಟನ್ ಒಂದನ್ನು ಕೂಡಿಸಬೇಕಿತ್ತು. ಮಿಲ್ಲಿನಲ್ಲಿ ಅದಿಲ್ಲದ ಮಷೀನನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಮನೆಯದಕ್ಕೆ ಮಾತ್ರ, ತೂತು ಕೊರೆದು, ಮುಂದಿನ ವಾರ ಕೂಡಿಸಿದರಾಯಿತು ಎಂದು ಟೇಪು ಅಂಟಿಸಿ ಬಿಟ್ಟಿದ್ದೆ. ಅಲ್ಲಿಯವರೆಗೆ ನಿಲ್ಲಿಸಬೇಕೆಂದರೆ ಕಂಪ್ಯೂಟರಿನ ಕೀಬೋರ್ಡಿನಲ್ಲಿದ್ದ ಒಂದು ಕೀಲಿಯೇ ಗತಿ.

ಯಲಬುರ್ಗಾ ಕಡೆಯ ತಳಕಲ್ಲಿನವರೊಬ್ಬರ ಹೊಸ ಮನೆಯ ತಲಬಾಗಿಲು ನಮ್ಮ ಮೊದಲ ಕೆಲಸ. ನಾನು ಪರದೆ ನೋಡುತ್ತ ಕೂತಿದ್ದೆ. ಮಷೀನಿನ ಸದ್ದು ಬದಲಾಯಿತು. ತಿರುಗಿ ನೋಡಿದೆ. ಅಣ್ಣ ಚೀರಲಿಲ್ಲ.

"ತಮ್ಮಾ, ಬಂದ್ ಮಾಡು," ಎಂದ.

ಕೀಲಿ ಎಲ್ಲಿದೆಯೆಂದೇ ನನಗೆ ಕಾಣಲಿಲ್ಲ. ಯಾವುದೋ ಒತ್ತಿದೆ. ಮಷೀನು ತನ್ನ ಪಾಡಿಗೆ ಬಳ್ಳಿ ಕೊರೆಯುತ್ತಲೇ ಇತ್ತು. ಕಡೆಗೆ ವೈರನ್ನೇ ಕಿತ್ತೆ.

ಕೊಪ್ಪಳದ ಆಸ್ಪತ್ರೆಯಲ್ಲಿ ಹೆಬ್ಬೆರಳನ್ನು ಬುಡದವರೆಗೆ ತೆಗೆದರು. ತೋರುಬೆರಳೂ ಉಳಿಯಲಿಲ್ಲ. ಮಷೀನನ್ನು ಗುಜರಿಗೆ ಹಾಕುತ್ತೇನೆ ಎಂದು ಅತ್ತುಬಿಟ್ಟೆ. "ಹುಚ್ಚನಂಗ ಆಡಬ್ಯಾಡ. ಬ್ಯಾರೆ ಹಲಿಗಿ ಹಾಕಿ ಬಾಗಲಾ ಮುಗಿಸು," ಎಂದ ಅಣ್ಣ. ಊರಿಗೆ ಬಂದು ಮೊದಲು ಆ ಬಟನ್ ಕೂಡಿಸಿದೆ. ಅರ್ಧ ತಾಸು ಹಿಡಿಯಿತು. ಬರೀ ಅರ್ಧ ತಾಸು! ಥೂ ನನ್ನ ಜನ್ಮಕ್ಕಿಷ್ಟು.

ತಲಬಾಗಿಲೆಂದರೆ ನಮ್ಮಲ್ಲಿ ಪೂಜೆ ಮಾಡಿ ನಿಲ್ಲಿಸುವಂಥದ್ದು. ಮನುಷ್ಯನ ರಕ್ತ ಕುಡಿದ ಮಷೀನಿನಿಂದ ಬಂದ ಬಾಗಿಲನ್ನು ಯಾರೂ ಮನೆಗೆ ಹಚ್ಚುವುದಿಲ್ಲ. ಸುದ್ದಿ ಹಬ್ಬಿದರೆ ಮುಂದೆ ಒಂದು ಕೆಲಸವೂ ಬರುತ್ತಿರಲಿಲ್ಲ. ಇದು ಅಣ್ಣನಿಗೂ ಗೊತ್ತು, ನನಗೂ ಗೊತ್ತು. ಬಾಯಿಬಿಟ್ಟು ಇಬ್ಬರೂ ಆಡಿರಲಿಲ್ಲ.

ಬಾಗಿಲು ಒಯ್ಯಲು ಬಂದ ತಳಕಲ್ಲಿನ ಹಿರಿಯರು ಅಣ್ಣನ ಕೈಯ ಪಟ್ಟಿ ನೋಡಿ ಗಾಬರಿಯಾದರು. "ಏನಾತ್ರೀ ಇದು?"

"ಮೇವು ಕತ್ತರಸೂ ಮಷೀನಿನ್ಯಾಗ ಸಿಕ್ತರೀ," ಎಂದ ಅಣ್ಣ, ನಾನು ಬಾಯಿ ತೆರೆಯುವ ಮೊದಲೇ. "ನಂದ ತಪ್ಪು. ತಮ್ಮ ಬ್ಯಾಡ ಅಂತ ಹೇಳಿದ್ದ, ನಾನ ಕೇಳಲಿಲ್ಲ."

ಅವರು ನನ್ನ ಕಡೆ ತಿರುಗಿದರು. "ಹೌದೇನ್ರೀ?"

ಅಣ್ಣ ನೆಲ ನೋಡುತ್ತಿದ್ದ. "ಹೌದ್ರೀ," ಎಂದೆ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದೆ. ಮುಂದೆ ಅವನು ತೀರಿಕೊಂಡಾಗ ಮಣ್ಣಿಗೆ ಬಂದವರಿಗೂ ಅದನ್ನೇ ಹೇಳಿದೆ.