ಶುದ್ಧ ಶಾಕಾಹಾರಿ ತಲೆ

ನನ್ನ ಗಂಡ ತಿಂಗಳಿಗೆ ಎರಡು ಭಾನುವಾರ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಡೊಂಬಿವಲಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ, ತೂತು ಬಿದ್ದ ಬನಿಯನ್ ತೊಟ್ಟು, ಸ್ಟೂಲಿನ ಮೇಲೆ ಕುಳಿತು, ಸವೆದ ಟೂತ್‌ಬ್ರಷ್ಷಿನಿಂದ ಮೊದಲು ಮೀಸೆ, ಆಮೇಲೆ ಕಿವಿಯ ಪಕ್ಕ, ಕೊನೆಗೆ ನೆತ್ತಿ. ನೆತ್ತಿಯಲ್ಲಿ ಹಚ್ಚುವುದಕ್ಕೆ ಕೂದಲೇ ಉಳಿದಿಲ್ಲವಾದ್ದರಿಂದ ಚರ್ಮಕ್ಕೇ ಹಚ್ಚುತ್ತಾರೆ. ಆ ಅರ್ಧ ಗಂಟೆ ಅವರು ಬಾಯಿ ತೆರೆಯುವುದಿಲ್ಲ, ತೆರೆದರೆ ಮೀಸೆಯ ಬಣ್ಣ ತುಟಿಗಿಳಿಯುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಅತ್ಯಂತ ಹಿಡಿಸಿದ ಅರ್ಧ ಗಂಟೆ ಅದು.

ನನ್ನ ಕೂದಲು ನಲವತ್ತಕ್ಕೇ ನರೆಯತೊಡಗಿತ್ತು, ಐವತ್ತೆರಡಕ್ಕೆ ಪೂರಾ ಬಿಳಿ. ತೆಂಗಿನೆಣ್ಣೆ ತಿಕ್ಕಿ, ವಾರಕ್ಕೊಮ್ಮೆ ದಾಸವಾಳದ ಎಲೆ ಕಿವುಚಿ ತಲೆ ತೊಳೆದು ಸುಮ್ಮನಿದ್ದೆ. ಊರವರು ಸುಮ್ಮನಿರಬೇಕಲ್ಲ. ಠಾಣೆಯಿಂದ ಬೇಲಾಪುರದ ಆಫೀಸಿಗೆ ಹೋಗುವ ರೈಲಿನ ಲೇಡೀಸ್ ಡಬ್ಬದಲ್ಲಿ ಪ್ರತಿಯೊಬ್ಬಳೂ ವೈದ್ಯೆ. ಒಬ್ಬಳು ಈರುಳ್ಳಿ ರಸ ಹಚ್ಚಿ ಎಂದಳು. ಅವಳ ಪಕ್ಕ ನಿಂತರೆ ಬಜ್ಜಿ ಅಂಗಡಿಯ ಮುಂದೆ ನಿಂತಂತಿರುತ್ತದೆ. ಇನ್ನೊಬ್ಬಳು ಕರಿಬೇವಿನ ಎಣ್ಣೆಯಿಂದ ತನ್ನ ಅತ್ತೆಯ ಕೂದಲು ಮತ್ತೆ ಕಪ್ಪಾಯಿತೆಂದು ಆಣೆ ಹಾಕಿದಳು. ಹಾಗಾದರೆ ನಿನ್ನದೇಕೆ ಕೆಂಪಗಿದೆ ಎಂದು ನಾನು ಕೇಳಲಿಲ್ಲ. ಮುಂದಿನ ತಿಂಗಳೂ ಅದೇ ಡಬ್ಬದಲ್ಲಿ ಸೀಟು ಬೇಕು.

ಇವರದು ಠಾಣೆಯ ಕೋಪರಿಯಲ್ಲಿ ಹೋಟೆಲು. ಉಡುಪಿ ಕಡೆಯವರ ಹೋಟೆಲುಗಳು ಹೇಗಿರುತ್ತವೋ ಹಾಗೆಯೇ: ಗಲ್ಲಾದ ಹಿಂದೆ ಕೃಷ್ಣನ ಪಟ, ಅದರ ಮೇಲೆ 'ಶುದ್ಧ ಶಾಕಾಹಾರಿ' ಎಂಬ ಬೋರ್ಡು. ಒಮ್ಮೆ ಯಾರೋ ಬಡಪಾಯಿ ಚಹಾದ ಜೊತೆಗೆ ಚೀಲದಿಂದ ಎಗ್ ಪಫ್ ತೆಗೆದದ್ದಕ್ಕೆ ಅವನನ್ನು ಎಬ್ಬಿಸಿ, ಮೇಜನ್ನು ಎರಡು ಸಲ ತೊಳೆಸಿ, ಆ ಕಥೆಯನ್ನು ಎರಡು ವರ್ಷ ಹೇಳಿಕೊಂಡು ತಿರುಗಿದ್ದರು. ಕೇಳಿದವರು ತಲೆದೂಗಿದ್ದರು. ನಾನೂ ತಲೆದೂಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ಸಂಜೆ ಆಫೀಸಿನಿಂದ ಬರುತ್ತ ಅಲ್ಲಿಗೆ ಹೋಗಿ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ದಿನಾ ಇಡ್ಲಿಗೆ ಬರುವ ಮರಾಠಿ ಗಿರಾಕಿಯೊಬ್ಬರು ನನಗೆ ಕೈಮುಗಿದು ಇವರನ್ನು ಕೇಳಿದರು: "ತುಮ್ಚಿ ಆಯಿ ಕಾ?"

ನಿಮ್ಮ ತಾಯಿಯೇ ಎಂದು. ಇವರು ನಕ್ಕರು. ಅಲ್ಲ, ಹೆಂಡತಿ ಎನ್ನಲು ಎಷ್ಟು ಹೊತ್ತು ಬೇಕು? ಇವರಿಗೆ ಆ ಹೊತ್ತು ಸಿಗಲಿಲ್ಲ. ನಗುತ್ತಲೇ ಸೋಂಪಿನ ಬಟ್ಟಲನ್ನು ಅವರ ಮುಂದೆ ಸರಿಸಿದರು. ಗಿರಾಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ನಗು ಮಾತ್ರ ಮನೆಯವರೆಗೂ ಬಂತು.

ಹೋಟೆಲಿಗೆ ಹೊಸ ಟೈಲ್ಸ್ ಹಾಕಿಸಿ ಗಣಹೋಮ ಇಟ್ಟುಕೊಂಡರು. ಹೋಮಕ್ಕೆ ಗಂಡಹೆಂಡಿರು ಜೊತೆಯಾಗಿ ಮಣೆಯ ಮೇಲೆ ಕೂರಬೇಕು.

"ನಮ್ಮವರೆಲ್ಲ ಬರ್ತಾರೆ ಮಾರಾಯ್ತಿ," ಎಂದರು ಇವರು. "ಫೋಟೋ ಬೇರೆ ತೆಗೆಸ್ಲಿಕ್ಕುಂಟು. ಆ ತಲೆಗೆ ಎಂತಾದ್ರೂ ಮಾಡು."

ನಾನು ಮಾಡಿದೆ. ನನ್ನನ್ನು ಕಂಡರೆ ನನಗೇ ತಾತ್ಸಾರ ಬರುವುದು ಇಲ್ಲಿಯೇ. ಬಾಲ್ಕನಿಯ ಡಬ್ಬಿಯ ಬಣ್ಣ ಬೇಡ, ಅದು ಕೆಮಿಕಲ್; ಮೆಹಂದಿಯಾದರೆ ಗಿಡಮೂಲಿಕೆ, ಹೋಮಕ್ಕೆ ಕೂರುವ ತಲೆಗೆ ಅದೇ ಶುದ್ಧ ಎಂದು ದೊಡ್ಡ ಬುದ್ಧಿ ಖರ್ಚು ಮಾಡಿದೆ. ಹಿಂದಿನ ದಿನ ಸ್ಟೇಷನ್ನಿನ ಹತ್ತಿರದ ಪಾರ್ಲರಿಗೆ ಹೋದೆ. ಹುಡುಗಿ ಪರದೆಯ ಹಿಂದೆ ಏನೋ ಕಲಸಿ ತಂದು ತಲೆಗೆ ಮೆತ್ತಿದಳು. ಎರಡು ಗಂಟೆ ಬಿಟ್ಟು ತಣ್ಣೀರಲ್ಲಿ ತೊಳೆದು, ಬಣ್ಣ ಕೂರುವವರೆಗೆ ಶಾಂಪೂ ಹಾಕಬೇಡಿ ಎಂದಳು. ಕನ್ನಡಿಯಲ್ಲಿ ನೋಡಿದರೆ ಕಾಗೆ ಕಪ್ಪು. ಗಿಡಮೂಲಿಕೆ ಇಷ್ಟು ಕಪ್ಪಾಗುವುದು ಹೇಗೆ ಎಂಬ ಪ್ರಶ್ನೆಯೂ ನನಗೆ ಹೊಳೆಯಲಿಲ್ಲ.

ಹೋಮದ ಬೆಳಿಗ್ಗೆ ಕುದಿಕುದಿ ನೀರು ಸುರಿದುಕೊಂಡು ತಲೆಸ್ನಾನ ಮಾಡಿದೆ. ಎರಡನೆಯ ಚೊಂಬಿಗೆ ಬಚ್ಚಲಿನಲ್ಲಿ ವಾಸನೆ ಎದ್ದಿತು. ಬಾಚಣಿಗೆ ಹಾಕಿದರೆ ಹಲ್ಲುಗಳ ನಡುವೆ ಬಿಳಿಯ ಮೆತ್ತನೆಯ ತುಣುಕುಗಳು. ಆಫೀಸಿನಲ್ಲಿ ಪಕ್ಕದ ಮೇಜಿನವರ ಟಿಫಿನ್ ದಿನಾ ಮೂಸುವ ನನಗೆ ಅದು ಏನೆಂದು ತಿಳಿಯಲು ಕಷ್ಟವಾಗಲಿಲ್ಲ. ಪಾರ್ಲರಿಗೆ ಫೋನ್ ಮಾಡಿದೆ.

"ಅಂಡಾ ತೋ ಸಬ್ ಮೇ ಡಾಲ್ತೇ ಹೈ ಆಂಟಿ," ಎಂದಳು ಹುಡುಗಿ. ಕೂದಲು ಮೃದುವಾಗಲೆಂದು ಮೊಟ್ಟೆ ಎಲ್ಲರಿಗೂ ಹಾಕುವುದೇ. ಕೇಳದಿದ್ದವಳು ನಾನು, ಅವಳ ತಪ್ಪೇನು?

ಅಷ್ಟರಲ್ಲಿ ಪಟ್ಟೆಮಡಿ ಉಟ್ಟು ಇವರು ಬಂದರು. ಬಾಗಿಲಲ್ಲೇ ಮೂಗು ಅರಳಿಸಿ, "ಇದು ಮೊಟ್ಟೆ ಅಲ್ವಾ?" ಎಂದರು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದವರಿಗೆ ಅದು ಅಷ್ಟು ಬೇಗ ಗೊತ್ತಾದದ್ದು ಹೇಗೆಂದು ಆಮೇಲೆ ಯೋಚಿಸಿದೆ. ಆಗ ಮಾತ್ರ ನಿಜವಾಗಿ ಹೆದರಿದ್ದೆ.

"ನಾನು ಮಣೆಯ ಮೇಲೆ ಕೂರ್ಲಿಕ್ಕಿಲ್ಲ. ಭಟ್ರಿಗೆ ಫೋನ್ ಮಾಡಿ ಹೇಳಿ," ಎಂದೆ.

ಇವರು ಬಾಗಿಲಿಗೆ ಚಿಲಕ ಹಾಕಿದರು. ನನ್ನ ತಲೆಯನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು.

"ಭಟ್ರಿಗೆ ಎಂತಕ್ಕೆ ಹೇಳುದು? ಇನ್ನೊಮ್ಮೆ ತೊಳೀಲಿಕ್ಕೆ ಹೋಗ್ಬೇಡ, ಬಣ್ಣ ಹೋಗ್ತದೆ. ಎರಡು ಚೆಂಡು ಮಲ್ಲಿಗೆ ಮುಡ್ಕೊಂಡ್ರೆ ಯಾರಿಗೆ ಗೊತ್ತಾಗ್ತದೆ?" ಎಂದರು. ಚಿಲಕ ತೆಗೆಯುತ್ತ, "ಬಣ್ಣ ಲಾಯ್ಕ ಬಂದುಂಟು," ಎಂದರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎಗ್ ಪಫ್ ತಂದವನ ಮೇಜನ್ನು ಎರಡು ಸಲ ತೊಳೆಸಿದ ಮನುಷ್ಯ ಹೆಂಡತಿಯ ತಲೆಯನ್ನು ಎರಡು ಸಲ ತೊಳೆಯಬೇಡ ಎನ್ನುತ್ತಿದ್ದರು. ಮಲ್ಲಿಗೆ ಮುಡಿದು ಕುಳಿತೆ. ಬಂದವರೆಲ್ಲ, ಈಗ ಜೋಡಿ ಸರಿಯಾಯಿತು ನೋಡಿ ಎಂದು ಹೊಗಳಿ ಹೊಟ್ಟೆತುಂಬ ಪಾಯಸ ಉಂಡು ಹೋದರು. ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ತಿಂಗಳು ಕಳೆಯುವಷ್ಟರಲ್ಲಿ ಬುಡದಲ್ಲಿ ಬೆರಳಗಲ ಬಿಳಿ ಹಣಕಿತು. ಮತ್ತೊಂದು ಸಂಜೆ ಅದೇ ಗಲ್ಲಾದ ಪಕ್ಕ ಕುಳಿತಿದ್ದೆ. ಇಡ್ಲಿಯ ಗಿರಾಕಿಯೂ ಕೈಯೊರೆಸುತ್ತ ಬಂದು ನಿಂತಿದ್ದರು. ಇವರು ನನ್ನತ್ತ ಬಗ್ಗಿ ಪಿಸುಗುಟ್ಟಿದರು: "ಬುಡದಲ್ಲಿ ಬಿಳಿ ಕಾಣ್ತದೆ. ಒಮ್ಮೆ ಆ ಪಾರ್ಲರಿಗೆ ಹೋಗಿ ಬಾ."

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ನಾಲ್ಕು ಜನರ ನಡುವೆ ಕನ್ನಡದಲ್ಲಿ. ಅಂದು ನಾನು ಹಿಂದಿಯಲ್ಲಿ, ಅಡುಗೆಮನೆಯವರಿಗೂ ಕೇಳುವಂತೆ ಕೇಳಿದೆ: "ಅಂಡಾ ಡಾಲ್ ಕೇ, ಯಾ ಬಿನಾ ಅಂಡಾ?"

ವಡೆ ಮುರಿಯುತ್ತಿದ್ದ ಕೈಗಳು ನಿಂತವು. ಗಿರಾಕಿ ಒಮ್ಮೆ ಬೋರ್ಡನ್ನು, ಒಮ್ಮೆ ನನ್ನ ತಲೆಯನ್ನು ನೋಡಿದರು. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಇವರು ಎದ್ದು ನಿಂತು, ಎರಡೂ ಕೈ ಆಡಿಸುತ್ತ ಆ ಗಿರಾಕಿಗೆ ಮರಾಠಿಯಲ್ಲಿ ಹೇಳಿದರು: "ಮಾಝಿ ಬಾಯ್ಕೋ ಆಹೆ. ಮಸ್ಕರಿ ಕರ್ತೆ."

ನನ್ನ ಹೆಂಡತಿ, ತಮಾಷೆ ಮಾಡುತ್ತಾಳೆ ಎಂದು. ಆ ಮೊದಲ ಮೂರು ಮಾತನ್ನು ಇವರ ಬಾಯಿಂದ ಹೊರಡಿಸಲು ಒಂದು ಮೊಟ್ಟೆ ಬೇಕಾಯಿತು.