ಮೂರನೇ ಕೂಗು

ಗಿರಿಜಮ್ಮ ಟೀಚರ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಸೆರಗು ಸೊಂಟಕ್ಕೆ ಬಿಗಿದು ಮೈದಾನಕ್ಕೆ ಇಳಿಯುತ್ತಿದ್ದರು. ಜಗಳೂರು ಕಡೆಯ ನಮ್ಮ ಹೈಸ್ಕೂಲಿನ ಪಿ.ಟಿ. ಟೀಚರ್ ಅವರು. ಮೈದಾನ ಅಂದರೆ ಮೆಕ್ಕೆಜೋಳದ ಹೊಲಕ್ಕೂ ಶಾಲೆಗೂ ನಡುವಿನ ಕಲ್ಲುನೆಲ, ಅಷ್ಟೇ. ವಾಲಿಬಾಲು, ಹಗ್ಗ ಎಲ್ಲ ಬಿಸಿಯೂಟದ ಅಕ್ಕಿಮೂಟೆಗಳ ಹಿಂದೆ ಬಿದ್ದಿರುತ್ತಿದ್ದವು. "ಆಟದ ಸಾಮಾನಿಗೆ ಒಂದು ರೂಮು ಕೊಡ್ರಿ ಸಾರ್" ಎಂದು ಬಂದಬಂದ ಹೆಡ್‌ಮಾಸ್ಟರನ್ನೆಲ್ಲ ಕೇಳಿ ಅವರ ಬಾಯಿ ಸವೆದಿತ್ತು.

ಹೊಸದಾಗಿ ಸೇರಿದ ಮಕ್ಕಳಿಗೆ ಅವರದ್ದು ಒಂದೇ ಪ್ರಶ್ನೆ: "ನಿಂಗೇನು ಬರ್ತೈತೆ?"

ಏನೂ ಬರಲ್ಲ ಎಂದೆ.

"ಸುಳ್ಳು. ಮನ್ಯಾಗೆ ಏನು ಮಾಡ್ತೀಯ?"

"ಕುರಿಗಳ್ನ ಕೂಗಿ ಕರೀತೀನಿ."

"ಎಲ್ಲಿ, ಕೂಗು ನೋಡಾಣ."

ಕೂಗಿದೆ. ಆಫೀಸಿನ ಗುಮಾಸ್ತರು ಗಾಬರಿಯಾಗಿ ಹೊರಗೆ ಓಡಿ ಬಂದರು. "ಅಬ್ಬಬ್ಬಾ! ನಮಗಿನ್ನು ಮೈಕು ಯಾಕ್ರೀ?" ಎಂದು ಟೀಚರ್ ನಕ್ಕರು.

ಹಾಗೆ ತಾಲ್ಲೂಕು ಕ್ರೀಡಾಕೂಟದಲ್ಲಿ ಓಟದವರ ಹೆಸರು ಕೂಗುವ ಕೆಲಸ ನನ್ನದಾಯಿತು. ಮೂರು ಸಲ ಕೂಗಿದರೂ ಬಾರದವರನ್ನು ಕೈಬಿಡುವುದು ಪದ್ಧತಿ. ನಮ್ಮ ಶಾಲೆಗೆ ಇದ್ದದ್ದು ಒಂದೇ ಜೊತೆ ಓಟದ ಬೂಟು. ಒಬ್ಬಳು ಓಡಿ ಬಿಚ್ಚಿಕೊಟ್ಟ ಮೇಲೆ ಇನ್ನೊಬ್ಬಳು ಹಾಕಬೇಕು. ಶಾರದೆಯ ಹೆಸರನ್ನು ಎರಡು ಸಲ ಕೂಗಿದೆ. ಅವಳಿನ್ನೂ ಮೈದಾನದ ಆಚೆ ಕೂತು ಬೂಟಿನ ದಾರದ ಜೊತೆ ಗುದ್ದಾಡುತ್ತಿದ್ದಳು. ತೀರ್ಪುಗಾರರು ಗಡಿಯಾರ ನೋಡಿದರು. ಟೀಚರ್ ನನ್ನ ಭುಜ ಅದುಮಿದರು.

"ಮೂರನೇದು ಕೂಗಬ್ಯಾಡ ಕಣೇ. ಬಾಯಿ ಒಣಗೈತೆ ಅನ್ನು, ನೀರು ಕುಡಿ."

ಒಂದು ಚೊಂಬು ನೀರನ್ನು ನಿಧಾನಕ್ಕೆ ಕುಡಿದೆ. ಶಾರದೆ ಎದ್ದುಬಿದ್ದು ಬಂದಳು, ಓಡಿದಳು, ಎರಡನೆಯವಳಾದಳು.

ಈಗ ಅದೇ ಶಾಲೆಯಲ್ಲಿ ನಾನು ಪಾಠ ಹೇಳುತ್ತೇನೆ. ಈ ವರ್ಷ ಅಂತೂ ಆಟದ ಕೋಣೆ ಎದ್ದು ನಿಂತಿತು. ನಿವೃತ್ತರಾಗಿದ್ದ ಟೀಚರೇ ಬಾಗಿಲು ತೆರೆಯಬೇಕೆಂದು ಆಹ್ವಾನ ಪತ್ರಿಕೆಯೂ ಅಚ್ಚಾಯಿತು. ಉದ್ಘಾಟನೆಗೆ ಒಂದು ವಾರ ಇದೆ ಅನ್ನುವಾಗ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಳು ಬರಲಿಲ್ಲ. ಮರುದಿನ ಹಾಜರಿ ಕರೆದೆ, ಪಾಠ ಮಾಡಿದೆ. ನನ್ನೊಳಗೆ ಏನೋ ಮರಗಟ್ಟಿ ಹೋಗಿತ್ತು.

ಉದ್ಘಾಟನೆಯ ದಿನ ನಿರೂಪಣೆ ನನ್ನದೇ. ಪತ್ರಿಕೆ ನೋಡಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದವಳು, "ಗಿರಿಜಮ್ಮ ಟೀಚರ್ ವೇದಿಕೆಗೆ ಬರಬೇಕು" ಅಂದುಬಿಟ್ಟೆ. ಹೊಸ ಸ್ಪೀಕರಿನಲ್ಲಿ ಆ ಹೆಸರು ಹೊಲದವರೆಗೂ ಕೇಳಿಸಿತು.

ಹೆಡ್‌ಮಾಸ್ಟರು ಮೆಲ್ಲಗೆ, "ಮೇಡಂ, ಅವ್ರಿಲ್ಲಲ್ರೀ" ಎಂದರು.

"ಗೊತ್ತು ಸಾರ್."

ಮೈಕು ಪಕ್ಕಕ್ಕಿಟ್ಟು, ಕುರಿಗಳನ್ನು ಕರೆಯುವ ದನಿಯಲ್ಲಿ ಇನ್ನೊಂದು ಸಲ ಕೂಗಿದೆ.

ಮೂರನೇದು ಕೂಗಲಿಲ್ಲ. ಮೇಜಿನ ಮೇಲಿದ್ದ ನೀರು ಎತ್ತಿಕೊಂಡು ನಿಧಾನಕ್ಕೆ ಕುಡಿದೆ.